ಒಂದೇ ದಿನಕ್ಕೆ ಏಳು ಜಾಗ

ಪ್ರತಿ ವರ್ಷ ಮಕ್ಕಳ ಪರೀಕ್ಷೆ ಮುಗಿದು ರಜೆ ಶುರುವಾಗುತ್ತಿದ್ದಂತೆ ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡುತ್ತಾಳೆ. "ಅಣ್ಣ, ಭಾನುವಾರ ಮೈಸೂರಿಗೆ ಬರ್ತಾ ಇದ್ದೀವಿ, ಒಂದು ಪ್ಲ್ಯಾನ್ ಹಾಕಿಕೊಡು" ಎನ್ನುವುದು ಅವಳ ವಾಡಿಕೆಯ ಮಾತು. ಪ್ಲ್ಯಾನ್ ಹಾಕುವುದರಲ್ಲಿ ನಮ್ಮ ನೆಂಟರಿಷ್ಟರ ನಡುವೆ ನನಗೊಂದು ಹೆಸರೇ ಇತ್ತು. ಬೆಳಿಗ್ಗೆ ಐದೂವರೆಗೆ ಕೆಂಗೇರಿ ಬಿಟ್ಟರೆ ರಂಗನತಿಟ್ಟಿನ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬಹುದು. ಅಲ್ಲಿಂದ ಶ್ರೀರಂಗಪಟ್ಟಣದ ದೇವಸ್ಥಾನ, ಬಲಮುರಿಯಲ್ಲಿ ಒಂದು ಗಂಟೆ ನೀರಾಟ, ಹನ್ನೊಂದೂವರೆಗೆ ಮೃಗಾಲಯ, ಊಟ ಮುಗಿಸಿ ಅರಮನೆ, ನಾಲ್ಕಕ್ಕೆ ಚಾಮುಂಡಿ ಬೆಟ್ಟ, ಸಂಜೆ ಬೃಂದಾವನದ ಕಾರಂಜಿ, ರಾತ್ರಿ ಹನ್ನೊಂದಕ್ಕೆ ಮರಳಿ ಮನೆ. ಗಡಿಯಾರ ಹಿಡಿದುಕೊಂಡು ತಯಾರಿಸಿದ ಈ ಪಟ್ಟಿಯನ್ನು ಕನಿಷ್ಠ ಹತ್ತು ಕುಟುಂಬಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೇನೆ. ಈ ಸಲ ಕಳಿಸಲಿಲ್ಲ. ಏಕೆಂದು ಫೋನಿನಲ್ಲೇ ಹೇಳಲು ಹೋಗಿ ಅರ್ಧಕ್ಕೆ ಸೋತೆನಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಶ್ರೀರಂಗಪಟ್ಟಣ ತಾಲ್ಲೂಕಿನದು, ಬಲಮುರಿಗೆ ನಡೆದು ಹೋಗುವಷ್ಟು ಹತ್ತಿರ. ಬಲಮುರಿಯನ್ನು ಈಗ ಎಲ್ಲರೂ ಫಾಲ್ಸ್ ಎನ್ನುತ್ತಾರೆ. ಅದು ಜಲಪಾತವಲ್ಲ, ನೀರನ್ನು ನಾಲೆಗೆ ತಿರುಗಿಸಲೆಂದು ಹಿಂದಿನವರು ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆ, ಅದರ ಮೇಲಿನಿಂದ ನೀರು ತೆಳ್ಳಗೆ ಇಳಿಯುತ್ತದೆ, ಅಷ್ಟೆ. ನಾವು ಚಿಕ್ಕವರಿದ್ದಾಗ ಅಲ್ಲಿ ಎತ್ತು ತೊಳೆಯುವವರು, ಬಟ್ಟೆ ಒಗೆಯುವವರು ಮತ್ತು ಶಾಲೆ ತಪ್ಪಿಸಿದ ನಮ್ಮಂಥವರು ಮಾತ್ರ ಇರುತ್ತಿದ್ದೆವು. ಈಗ ರಜಾದಿನಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಗದ್ದೆಯ ಬದುವಿನ ಮೇಲೆಯೇ ಒಂದು ಚಕ್ರ ಹತ್ತಿಸಿ ನಿಲ್ಲಿಸುತ್ತಾರೆ. ಬಂದವರು ಅಡುಗೆ ಮಾಡಿಕೊಂಡು, ಕುಡಿದು, ನೀರಿಗಿಳಿದು ಸಂಜೆಗೆ ಹೊರಡುತ್ತಾರೆ. ಸೋಮವಾರ ಬೆಳಿಗ್ಗೆ ಅಲ್ಲಿ ಏನೇನು ಉಳಿದಿರುತ್ತದೆ ಎಂಬುದನ್ನು ನೋಡಲು ಯಾವ ಪ್ರವಾಸಿಯೂ ಬರುವುದಿಲ್ಲ.

ಮೂರು ವರ್ಷಗಳ ಹಿಂದೆ ಮುಂಗಾರು ನಾಟಿಯ ಸಮಯದಲ್ಲಿ ನಮ್ಮ ಚಿಕ್ಕಪ್ಪನ ಅಂಗಾಲಿಗೆ ಕೆಸರಿನೊಳಗಿದ್ದ ಬಾಟಲಿ ಚೂರು ಹೊಕ್ಕಿತು. ಕಂದು ಬಣ್ಣದ ಬಿಯರ್ ಬಾಟಲಿಯ ತಳ ಅದು. ಬಿಲ್ಲೆಯಂತೆ ಅಂಗಾತ ಕೂತಿದ್ದು, ಒಂದು ಅಂಚು ಮಾತ್ರ ಹಲ್ಲಿನಂತೆ ಮೇಲೆದ್ದಿತ್ತು. ಏಳು ಹೊಲಿಗೆ ಬಿದ್ದವು. ಗದ್ದೆಗೆ ನೀರು ಕಟ್ಟಿದ ಮೇಲೆ ಕೆಸರಿನಲ್ಲಿ ಚಪ್ಪಲಿ ಹಾಕಿಕೊಂಡು ಕೆಲಸ ಮಾಡುವುದು ಸಾಧ್ಯವಿಲ್ಲ ಎಂಬುದು ಗದ್ದೆಗಿಳಿದ ಎಲ್ಲರಿಗೂ ಗೊತ್ತು. ನಾಟಿ ಹಾಕಲು ಬಂದಿದ್ದ ಹೆಂಗಸರು ಆ ಗದ್ದೆಗೆ ಇಳಿಯಲು ಹಿಂಜರಿದರು. ಕೊನೆಗೆ ಕೂಲಿ ಹೆಚ್ಚು ಕೊಟ್ಟು, ಮೊದಲು ಕೆಸರನ್ನೆಲ್ಲ ಕೈಯಿಂದ ತಡಕಿಸಿ, ಎರಡು ದಿನ ತಡವಾಗಿ ಪೈರು ನೆಡಬೇಕಾಯಿತು. ಅಂದಿನಿಂದ ಚಿಕ್ಕಪ್ಪ ತೂಬಿನ ಬಾಯಿಗೆ ಒಂದು ಕಬ್ಬಿಣದ ಜಾಲರಿ ಸಿಕ್ಕಿಸಿದ್ದಾರೆ, ಪಕ್ಕದ ತೆಂಗಿನ ಮರಕ್ಕೆ ಒಂದು ಗೋಣಿಚೀಲ ಕಟ್ಟಿದ್ದಾರೆ. ಇಡೀ ಬಾಟಲಿಗಳನ್ನು ಗುಜರಿಯವನು ಒಯ್ಯುತ್ತಾನೆ, ಒಡೆದದ್ದನ್ನು ಮುಟ್ಟುವುದಿಲ್ಲ. ಚೀಲದಲ್ಲಿ ಈಗ ಇರುವುದೆಲ್ಲ ಒಡೆದವುಗಳೇ. ಅದನ್ನು ಎಲ್ಲಿ ಸುರಿಯಬೇಕೆಂದು ಅವರಿಗೂ ತಿಳಿಯದು, ನನಗೂ ತಿಳಿಯಲಿಲ್ಲ.

"ಬಂದೋರೆಲ್ಲ ನೀರು ನೋಡ್ತಾರೆ ಕಣಪ್ಪ. ಆ ನೀರು ಮುಂದಕ್ಕೆ ಎಲ್ಲಿಗೆ ಹೋಯ್ತದೆ ಅಂತ ಒಬ್ಬರೂ ನೋಡಾಕಿಲ್ಲ" ಎಂದು ಅವರು ಕಾಲಿಗೆ ಪಟ್ಟಿ ಸುತ್ತಿಕೊಂಡು ಜಗಲಿಯ ಮೇಲೆ ಕೂತು ಹೇಳಿದಾಗ ನನ್ನ ಪಟ್ಟಿಯಲ್ಲಿ ಬಲಮುರಿಗೆ ಕೊಟ್ಟಿದ್ದ ಒಂದು ಗಂಟೆ ನೆನಪಾಯಿತು. ನಾನು ಕಳಿಸಿದವರಲ್ಲಿ ಯಾರಾದರೂ ಬಾಟಲಿ ಎಸೆದರೋ ಇಲ್ಲವೋ ಹೇಳಲಾರೆ. ಆದರೆ ಒಂದು ಗಂಟೆ ಮಾತ್ರ ಇರುವ ಜಾಗದ ಮೇಲೆ ಯಾರಿಗೂ ಋಣ ಹುಟ್ಟುವುದಿಲ್ಲ ಎಂಬ ಯೋಚನೆ ನನಗೆ ಮೊದಲು ಬಂದದ್ದು ಆವತ್ತು. ಕಟ್ಟೆಯ ಪಾಚಿಗಲ್ಲಿನ ಮೇಲೆ ಜಾರಿ, ಅಥವಾ ಕೆಆರ್‌ಎಸ್‌ನಿಂದ ನೀರು ಬಿಟ್ಟದ್ದು ತಿಳಿಯದೆ ಸುಳಿಗೆ ಸಿಕ್ಕಿ ಸಾಯುವವರೂ ಇದ್ದಾರೆ. ಆಗ ನೀರಿಗೆ ಧುಮುಕಿ ದೇಹ ಹುಡುಕುವವರು ಸುತ್ತಲಿನ ಊರಿನ ಈಜುಗಾರರು; ಮರುವಾರ ಅದೇ ಕಲ್ಲಿನ ಮೇಲೆ ಬೇರೆ ಗುಂಪು ಸೆಲ್ಫಿಗೆ ನಿಂತಿರುತ್ತದೆ.

ಒಂದು ದಿನದ ಪ್ರವಾಸ ಎಂಬ ಈ ಪದ್ಧತಿ ಹಿಂದೆಯೂ ಇತ್ತು, ಆದರೆ ಅದಕ್ಕೆ ರೆಕ್ಕೆ ಕೊಟ್ಟದ್ದು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಉದ್ದದ ಆ ರಸ್ತೆ ಬೆಂಗಳೂರನ್ನೂ ಮೈಸೂರನ್ನೂ ಒಂದೂವರೆ ಗಂಟೆಯ ಅಂತರಕ್ಕೆ ತಂದಿತು ಎಂದು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು, ಊರಿಗೆ ಹೋಗಿಬರುವ ನನಗೂ ಅದರಿಂದ ಅನುಕೂಲವಾಗಿದೆ. ಆದರೆ ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗೆ ಸರಿಸಿ ಹಾದುಹೋಯಿತು. ಹಳೆಯ ಹೆದ್ದಾರಿಯಲ್ಲಿ ಮದ್ದೂರಿನಲ್ಲಿ ನಿಂತು ವಡೆ ತಿನ್ನದೆ, ಚನ್ನಪಟ್ಟಣದಲ್ಲಿ ಮಗುವಿನ ಹಟಕ್ಕೆ ಮಣಿದು ಒಂದು ಬುಗುರಿಯನ್ನಾದರೂ ಕೊಳ್ಳದೆ ಮೈಸೂರು ತಲುಪಿದವರು ಕಡಿಮೆ. ಈಗ ಅಂಥವರೇ ಹೆಚ್ಚು. ದಾರಿಬದಿಯ ವ್ಯಾಪಾರ ಬಿದ್ದುಹೋಯಿತೆಂದು ಅಂಗಡಿಯವರು ಹೇಳುವ ಮಾತನ್ನು ಅಳಲು ಎಂದು ತಳ್ಳಿಹಾಕುವಂತಿಲ್ಲ. ಪ್ರವಾಸಿಯ ಜೇಬಿನ ನೂರು ರೂಪಾಯಿಯಲ್ಲಿ ಹಿಂದೆ ಇಪ್ಪತ್ತು ರೂಪಾಯಿಯಾದರೂ ದಾರಿಯಲ್ಲಿ ಹಂಚಿಹೋಗುತ್ತಿತ್ತು. ಈಗ ಅದರಲ್ಲಿ ಹೆಚ್ಚಿನದು ಟೋಲ್‌ಗೂ ಪೆಟ್ರೋಲ್‌ಗೂ ಸಂದು, ಊರುಗಳಿಗೆ ಉಳಿದದ್ದು ಸದ್ದು ಮತ್ತು ಧೂಳು. (ಈ ಇಪ್ಪತ್ತು ರೂಪಾಯಿ ನನ್ನ ಅಂದಾಜಷ್ಟೇ, ಲೆಕ್ಕ ಹಾಕಿದ್ದಲ್ಲ.) ಅದೇ ವರ್ಷದ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಅಪಘಾತಗಳನ್ನು ನೋಡಿದರೆ ಆ ನಿರ್ಧಾರವನ್ನು ತಪ್ಪೆನ್ನಲಾರೆ. ಆದರೂ ಮದ್ದೂರು ಕಡೆಯ ನನ್ನ ಸೋದರತ್ತೆಯ ಮಗ ಕಬ್ಬಿನ ಟ್ರ್ಯಾಕ್ಟರನ್ನು ಸರ್ವೀಸ್ ರಸ್ತೆಯಲ್ಲಿ ಓಡಿಸಿಕೊಂಡು, ಕೆಳಸೇತುವೆ ಹುಡುಕಿಕೊಂಡು ಸುತ್ತಿ ಹೋಗುವಾಗ, ಮೇಲೆ ನಮ್ಮಂಥವರ ಕಾರುಗಳು ಹಕ್ಕಿ ನೋಡಲು ಹಾರಿಹೋಗುತ್ತಿರುತ್ತವೆ.

ಹಕ್ಕಿಯ ಮಾತು ಬಂದದ್ದರಿಂದ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ರಂಗನತಿಟ್ಟು ಹುಟ್ಟಿದ್ದು ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಂದು ಅಣೆಕಟ್ಟೆಯ ಕಾರಣದಿಂದ. ನೀರು ನಿಂತು ನಡುಗಡ್ಡೆಗಳಾದವು, ನಡುಗಡ್ಡೆಗಳ ಮೇಲೆ ಮರ ಬೆಳೆದವು, ಮರಗಳಿಗೆ ಹಕ್ಕಿ ಬಂದವು. ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂಬ ಗೌರವವೂ ಸಿಕ್ಕಿತು. ಇದನ್ನೆಲ್ಲ ದೋಣಿಯಲ್ಲಿ ಕೂತು ನೆಂಟರ ಮುಂದೆ ಹೇಳುತ್ತಿದ್ದವನು ನಾನೇ. ಏಪ್ರಿಲ್ ತಿಂಗಳ ಬಿಸಿಲು. ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದುಕೊಂಡು ಮಲಗಿತ್ತು. ಫೋಟೋ ಚೆನ್ನಾಗಿ ಬರಲೆಂದು "ಇನ್ನೂ ಸ್ವಲ್ಪ ಹತ್ತಿರ ಬಿಡಿ, ನೂರು ರೂಪಾಯಿ ಕೊಡ್ತೀನಿ" ಎಂದು ದೋಣಿಯವರಿಗೆ ನಾನೇ ಹೇಳಿದೆ. ಅವರು ಹುಟ್ಟು ಎತ್ತಿ ಹಿಡಿದು, ದೋಣಿಯನ್ನು ನಿಲ್ಲಿಸಿ, ಮೊಸಳೆಯ ಕಡೆಗಲ್ಲ, ಅದರ ಮೇಲಿದ್ದ ಮರದ ಕಡೆಗೆ ಕೈ ತೋರಿಸಿದರು.

ಬಣ್ಣದ ಕೊಕ್ಕರೆಯೊಂದು ಗೂಡಿನ ಅಂಚಿನಲ್ಲಿ ಎರಡೂ ರೆಕ್ಕೆಗಳನ್ನು ಅರೆಬಿಚ್ಚಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಆ ರೆಕ್ಕೆಗಳ ನೆರಳಿನಲ್ಲಿ ಮೂರು ಮರಿಗಳು ಕತ್ತು ಮಡಚಿ ಮಲಗಿದ್ದವು. ಸೂರ್ಯ ಸರಿದಂತೆ ಹಕ್ಕಿಯೂ ಪಾದ ಬದಲಿಸಿ ಸ್ವಲ್ಪ ಸ್ವಲ್ಪವೇ ತಿರುಗುತ್ತಿತ್ತು. "ನಾವು ಹತ್ತಿರ ಹೋದ್ರೆ ಅದು ಎದ್ದು ಹೋಗುತ್ತೆ ಸಾರ್. ಬರೋದು ಅದರ ಇಷ್ಟ. ಅಷ್ಟರಲ್ಲಿ ಮರಿ ಬೆಂದು ಹೋಗ್ತವೆ" ಎಂದರು ದೋಣಿಯವರು, ಬೈಯುವ ಧ್ವನಿಯಲ್ಲಲ್ಲ, ಹವಾಮಾನ ಹೇಳುವ ಧ್ವನಿಯಲ್ಲಿ. ನೂರು ರೂಪಾಯಿಯ ಮಾತು ಮತ್ತೆ ಎತ್ತಲು ನನಗೆ ಮುಖವಿರಲಿಲ್ಲ. ನನ್ನ ಪಟ್ಟಿಯಲ್ಲಿ ರಂಗನತಿಟ್ಟಿಗೆ ಕೊಟ್ಟಿದ್ದ ಸಮಯ ಐವತ್ತು ನಿಮಿಷ. ಆ ಹಕ್ಕಿ ತಿರುಗುವುದನ್ನು ಕಾಣಬೇಕಾದರೆ ಕನಿಷ್ಠ ಅಷ್ಟು ಹೊತ್ತು ಒಂದೇ ಮರದ ಕೆಳಗೆ ಸುಮ್ಮನಿರಬೇಕು. ಅವಸರದಲ್ಲಿ ಬಂದವನಿಗೆ ಮೊಸಳೆ ಮಾತ್ರ ಕಾಣುತ್ತದೆ, ಏಕೆಂದರೆ ಅದು ಅಲುಗಾಡುವುದಿಲ್ಲ.

ಚಾಮುಂಡಿ ಬೆಟ್ಟದ ವಿಷಯದಲ್ಲಿ ಮೈಸೂರಿನವರಾದ ನಾವೂ ಸಾಚಾಗಳಲ್ಲ. ಬೆಂಗಳೂರಿನ ಕಾರುಗಳನ್ನು ಬೈಯುತ್ತಲೇ ಬೆಳಗಿನ ವಾಕಿಂಗಿಗೆ ಬೆಟ್ಟದ ತನಕ ನಮ್ಮ ಕಾರಿನಲ್ಲೇ ಹೋಗುತ್ತೇವೆ. 2021ರ ಅಕ್ಟೋಬರ್ ಮಳೆಗೆ ಬೆಟ್ಟದ ನಂದಿ ವಿಗ್ರಹಕ್ಕೆ ಹೋಗುವ ರಸ್ತೆಯ ಅಂಚು ಕುಸಿದು ಬಿದ್ದಾಗ ಊರೆಲ್ಲ ಬೆಚ್ಚಿತು. ಬೆಟ್ಟವೆಂದರೆ ಬಂಡೆಯಷ್ಟೇ ಅಲ್ಲ, ಮಣ್ಣೂ ಹೌದು, ಅದಕ್ಕೂ ಹೊರುವ ಶಕ್ತಿಗೊಂದು ಮಿತಿಯಿದೆ ಎಂದು ಆಗ ಎಲ್ಲರೂ ಮಾತಾಡಿಕೊಂಡೆವು. ಬೆಟ್ಟಕ್ಕೆ ರೋಪ್‌ವೇ ಹಾಕುವ ಪ್ರಸ್ತಾಪ ಬಂದಾಗಲೆಲ್ಲ ಊರಿನವರು ವಿರೋಧಿಸಿದ್ದಾರೆ. ಆದರೆ ಇರುವ ರಸ್ತೆಯ ಮೇಲಿನ ಭಾರ ಇಳಿಸುವ ಉಪಾಯ ನಮ್ಮ ಕಣ್ಣೆದುರಿಗೇ ಇದೆ. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲೇ ನಿಲ್ಲಿಸಿ, ಅಲ್ಲಿಂದ ಬಸ್ಸುಗಳಲ್ಲಿ ಜನರನ್ನು ಮೇಲೆ ಕರೆದೊಯ್ಯುತ್ತಾರೆ. ಲಕ್ಷಾಂತರ ಜನ ಬರುವ ದಿನಗಳಲ್ಲೇ ನಡೆಯುವ ಏರ್ಪಾಡು ಸಾಮಾನ್ಯ ಭಾನುವಾರಗಳಲ್ಲಿ ಏಕೆ ನಡೆಯಬಾರದು ಎಂಬುದು ನನಗೆ ಇಂದಿಗೂ ಅರ್ಥವಾಗದ ವಿಷಯ. ಗುಂಡ್ಲುಪೇಟೆ ಆಚೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳನ್ನು ಕೆಳಗೇ ತಡೆದು ಸರ್ಕಾರಿ ಬಸ್ಸಿನಲ್ಲಿ ಮಾತ್ರ ಬಿಡುತ್ತಾರೆ. ಅದರಿಂದ ದೇವರ ದರ್ಶನಕ್ಕೇನೂ ಕೊರತೆಯಾಗಿಲ್ಲ.

ಬೆಟ್ಟದ ಮೇಲಿನ ವ್ಯೂ ಪಾಯಿಂಟಿನಲ್ಲಿ ನಿಂತವರು ಹೊರಗಿನಿಂದ ಬಂದವರಿಗೆ ಅರಮನೆ, ಲಲಿತಮಹಲ್, ರೇಸ್‌ಕೋರ್ಸುಗಳನ್ನು ಬೆರಳು ಮಾಡಿ ತೋರಿಸುತ್ತಾರೆ. ಬೆಟ್ಟದ ತಪ್ಪಲಿನ ಕಡೆ ಇರುವ ವಿದ್ಯಾರಣ್ಯಪುರದ ಸೂಯೇಜ್ ಫಾರಂ ಅನ್ನು ಯಾರೂ ತೋರಿಸುವುದಿಲ್ಲ. ಊರಿನ ಕಸ ಹೋಗಿ ಬೀಳುವ, ಹಳೆಯ ಕಸ ಗುಡ್ಡವಾಗಿ ನಿಂತ ಜಾಗ ಅದು. ನಮ್ಮ ಮೈಸೂರು ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015 ಮತ್ತು 2016ರಲ್ಲಿ ದೇಶಕ್ಕೇ ಮೊದಲನೆಯದಾಗಿ ಬಂದಿತ್ತು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಬೀದಿ ಗುಡಿಸಿದರೆ ಕಸ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ದಸರಾ ಮುಗಿದ ವಾರ ಜೆ.ಪಿ. ನಗರ, ಕನಕಗಿರಿ ಕಡೆಯ ಗೆಳೆಯರ ಮನೆಗಳಿಗೆ ಹೋದರೆ ಸಂಜೆ ಕಿಟಕಿ ಮುಚ್ಚಿಕೊಂಡೇ ಕಾಫಿ ಕುಡಿಯುತ್ತೇವೆ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳ ಬೆಳಕಿನಲ್ಲಿ ನಿಂತು ಚುರುಮುರಿ ತಿಂದು ಎಸೆದ ಪೊಟ್ಟಣ, ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿ, ಇವೆಲ್ಲ ಬೆಳಗಾಗುವುದರೊಳಗೆ ಪೌರಕಾರ್ಮಿಕರ ಕೈಯಿಂದ ಸಾಗಿ ಕೊನೆಗೆ ಸೇರುವುದು ಇಂಥ ಗುಡ್ಡಗಳಿಗೇ. ಬಂದವರು ಆ ಹೊತ್ತಿಗೆ ಬೆಂಗಳೂರಿನ ಮನೆಯಲ್ಲಿ ನಿದ್ದೆಯಲ್ಲಿರುತ್ತಾರೆ.

ಯಾತ್ರೆಗೆ ಬಂದವರನ್ನು ಪ್ರವಾಸಿಗಳೆಂದು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಒಮ್ಮೆ ಗೆಳೆಯನೊಬ್ಬ ತಕರಾರು ತೆಗೆದಿದ್ದ. ನದಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಸಂಗಮ, ಅತ್ತ ನಂಜನಗೂಡಿನ ಕಪಿಲೆಯ ಸ್ನಾನಘಟ್ಟ, ಎಲ್ಲಿ ನೋಡಿದರೂ ಮಿಂದವರು ಬಿಟ್ಟುಹೋದ ಬಟ್ಟೆಗಳು ಕಲ್ಲಿಗೆ ಸುತ್ತಿಕೊಂಡಿರುತ್ತವೆ. ನಮ್ಮ ಅಜ್ಜಿಯ ಅಸ್ಥಿ ಬಿಟ್ಟ ದಿನ ನಾವೂ ಪಶ್ಚಿಮವಾಹಿನಿಯಲ್ಲಿ ಉಟ್ಟ ಪಂಚೆಗಳನ್ನು ಅಲ್ಲಿಯೇ ಬಿಟ್ಟು ಬಂದೆವು. ಹಿಂತಿರುಗಿ ನೋಡಬಾರದು ಎಂದು ಹಿರಿಯರು ಹೇಳಿದ್ದರಿಂದ ಹಿಂತಿರುಗಿಯೂ ನೋಡಲಿಲ್ಲ. ಹಿಂದೆ ಪಂಚೆ ಹತ್ತಿಯದಾಗಿರುತ್ತಿತ್ತು, ನೀರಿನಲ್ಲಿ ಕರಗಿ ಹೋಗುತ್ತಿತ್ತು. ಈಗಿನ ಪಾಲಿಯೆಸ್ಟರ್ ಸೀರೆಗೆ ಸಾವಿಲ್ಲ. ಸಂಪ್ರದಾಯ ಹಾಗೆಯೇ ಇದೆ, ಬಟ್ಟೆ ಮಾತ್ರ ಬದಲಾಗಿದೆ ಎಂಬ ಸಣ್ಣ ಸಂಗತಿಯನ್ನು ನಾವು ಯಾರೂ ಗಮನಿಸಲಿಲ್ಲ.

ಇಷ್ಟೆಲ್ಲ ಆದ ಮೇಲೆ ಹೊರಗಿನವರು ಬರುವುದೇ ಬೇಡ ಎನ್ನುವವನು ನಾನಲ್ಲ. ಹಾಗೆ ಹೇಳಿದರೆ ದೇವರಾಜ ಮಾರುಕಟ್ಟೆಯ ಹೂವಿನವರು, ಟಾಂಗಾದವರು, ದೋಣಿಯವರು ನನ್ನನ್ನು ಬಿಡುತ್ತಾರೆಯೇ? ಅತಿಥಿ ಹೇಗಿರಬೇಕೆಂದು ನನಗೆ ತಿಳಿದದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಅದೂ ಹಕ್ಕಿಗಳಿಂದ. ರುದ್ರಾಕ್ಷಿಪುರದ ಬಳಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ, ಶಿಂಷಾ ನದಿಗೆ ಹತ್ತಿರದ ಹಳ್ಳಿ ಅದು. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರಿನ ನಡುವಿನ ಹುಣಸೆ ಮರಗಳ ಮೇಲೆ, ಮನೆಯ ಹೆಂಚಿಗೆ ತಾಗುವಷ್ಟು ಹತ್ತಿರದಲ್ಲಿ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು, ಗೂಡಿರುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡುತ್ತದೆ. ಆದರೆ ಊರಿನವರ ಈ ನಡೆ ಪರಿಹಾರಕ್ಕಿಂತ ಎಷ್ಟೋ ಹಳೆಯದು.

ನಾನೂ ನನ್ನ ಹೆಂಡತಿಯೂ ಹೋದ ದಿನ ಒಬ್ಬ ಅಜ್ಜಿ ಮನೆಯ ಮುಂದೆ ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದರು. ತಲೆಯ ಮೇಲೆ ಹಕ್ಕಿಗಳ ಕಲಕಲ, ಗಾಳಿಯಲ್ಲಿ ಹಸಿ ಮೀನಿನ ವಾಸನೆ, ಅಂಗಳವೆಲ್ಲ ಸುಣ್ಣ ಚೆಲ್ಲಿದಂತೆ ಹಿಕ್ಕೆ. ಒಂದು ಕೆ.ಜಿ. ಹುಣಸೆಹಣ್ಣು ಕೊಂಡು, ಇದೇ ಮರದ್ದೇ ಎಂದು ನನ್ನ ಹೆಂಡತಿ ಕೇಳಿದಳು. "ಇಲ್ಲ ಕಣವ್ವ, ಇದು ಹಿತ್ತಲ ಮರದ್ದು. ಈ ಮರ ಅವುಗಳ್ದು" ಎಂದರು ಅಜ್ಜಿ. ಹಕ್ಕಿ ಕೂತ ಮರದಲ್ಲಿ ಫಸಲು ಬಡಿಯುವಂತಿಲ್ಲ, ಆ ನಷ್ಟ ಅವರದು. ಕೆಳಗೆ ಬಿದ್ದ ಹಿಕ್ಕೆ ಗದ್ದೆಗೆ ಗೊಬ್ಬರ, ಆ ಲಾಭವೂ ಅವರದು. ತಿಂಗಳುಗಟ್ಟಲೆ ತಂಗುವ ಈ ಅತಿಥಿಗಳು ಮರಿ ಹಾರುವ ತನಕ ಇದ್ದು, ಉಂಡ ಮನೆಗೆ ತಮ್ಮ ಕೈಲಾದದ್ದನ್ನು ಕೊಟ್ಟು ಹೋಗುತ್ತವೆ. ನಾವು ಅಲ್ಲಿ ಇದ್ದ ಎರಡು ಗಂಟೆಯಲ್ಲಿ ಮೂರು ಕಾರುಗಳು ಬಂದು, ಒಳಗಿನಿಂದಲೇ ಫೋಟೋ ತೆಗೆದುಕೊಂಡು, ಗಾಜು ಏರಿಸಿ ಹೊರಟುಹೋದವು. ಅಜ್ಜಿ ತಲೆಯೆತ್ತಿ ಕೂಡ ನೋಡಲಿಲ್ಲ.

ಈಚೆಗೆ ನಾನು ಎಲ್ಲಿಗೇ ಹೋದರೂ ಒಂದು ದಿನಕ್ಕೆ ಒಂದೇ ಜಾಗ ಎಂಬ ನೇಮ ಇಟ್ಟುಕೊಂಡಿದ್ದೇನೆ. ಸೋಮನಾಥಪುರಕ್ಕೆ ಹಿಂದೆ ನಾಲ್ಕು ಸಲ ಹೋಗಿದ್ದರೂ ಒಟ್ಟು ಎರಡು ಗಂಟೆ ಇದ್ದಿರಲಾರೆ. ಹದಿಮೂರನೆಯ ಶತಮಾನದ ಆ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಐದನೆಯ ಸಲ ಹೋಗಿ, ಒಬ್ಬ ಗೈಡ್ ಅನ್ನು ಗೊತ್ತುಮಾಡಿಕೊಂಡು ಮಧ್ಯಾಹ್ನದವರೆಗೆ ಇದ್ದೆ. ಮಲ್ಲಿತಮ್ಮ ಎಂಬ ಶಿಲ್ಪಿಯ ರುಜು ವಿಗ್ರಹಗಳ ಪೀಠದಲ್ಲಿ ಇರುವುದನ್ನು ಅವರು ತೋರಿಸಿದರು. ಅದನ್ನು ಓದಲು ಬಗ್ಗಿದಾಗಲೇ ನನ್ನ ಕೈ ಅಭ್ಯಾಸಬಲದಿಂದ ಪಕ್ಕದ ಆನೆಸಾಲಿನ ಮೇಲೆ ಊರಿತ್ತು. ಬಳಪದ ಕಲ್ಲು ಮೆದು, ಸಾವಿರ ಕೈ ಸವರಿದ ಕಡೆ ಎಣ್ಣೆ ಹಚ್ಚಿದಂತೆ ಕಪ್ಪಾಗಿದೆ ಎಂದು ಅವರು ಮೆಲ್ಲಗೆ ಹೇಳಿದಾಗ ಕೈ ತೆಗೆದೆ. ಊಟಕ್ಕೆ ಅಲ್ಲಿಯೇ ಒಂದು ಮನೆಯಲ್ಲಿ ಮುದ್ದೆ, ಬಸ್ಸಾರು ಸಿಕ್ಕಿತು. ಮೈಸೂರಿನಿಂದ ಬಸ್ಸಿನಲ್ಲಿ ಬಂದಿದ್ದರಿಂದ ವಾಪಸು ಹೋಗುವ ಅವಸರ ನನ್ನ ಕೈಯಲ್ಲಿರಲಿಲ್ಲ, ಬಸ್ಸಿನವರ ಕೈಯಲ್ಲಿತ್ತು. ಅದೂ ಒಂದು ಸುಖವೇ.

ಇದನ್ನೆಲ್ಲ ತಂಗಿಗೆ ಹೇಳಿದೆ. ಶನಿವಾರವೇ ರೈಲಿನಲ್ಲಿ ಬನ್ನಿ, ನಮ್ಮ ಮನೆಯಲ್ಲಿ ಉಳಿಯಿರಿ, ಒಂದು ದಿನ ರಂಗನತಿಟ್ಟು, ಒಂದು ದಿನ ಊರು, ಬೆಟ್ಟವನ್ನು ಮೆಟ್ಟಿಲಿನಲ್ಲಿ ಹತ್ತೋಣ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, ನಿನಗೆ ವಯಸ್ಸಾಯ್ತು" ಎಂದು ನಕ್ಕಳು. ಆಮೇಲೆ ಚೌಕಾಸಿ ಶುರುವಾಯಿತು. ಬಲಮುರಿಯನ್ನು ತಾನೇ ಬಿಟ್ಟಳು, ಬೃಂದಾವನವನ್ನು ಭಾವನವರ ಒಪ್ಪಿಗೆಯಿಂದ ಕೈಬಿಟ್ಟಳು, ಅರಮನೆಯನ್ನು ಹೊರಗಿನಿಂದ ನೋಡಿದರೆ ಸಾಕು ಎಂದಳು, ಬೆಟ್ಟಕ್ಕೆ ಮೆಟ್ಟಿಲಾದರೆ ಅತ್ತೆಯವರಿಗೆ ಆಗುವುದಿಲ್ಲ, ಸಿಟಿ ಬಸ್ಸಾದರೆ ಸರಿ ಎಂಬಲ್ಲಿಗೆ ಬಂದಳು. ಮೃಗಾಲಯದ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಮಗನಿಗೆ ಜಿರಾಫೆ ತೋರಿಸುತ್ತೇನೆಂದು ಮಾತು ಕೊಟ್ಟಾಗಿದೆಯಂತೆ. ಕೊನೆಗೆ ಎರಡು ದಿನಕ್ಕೆ ನಾಲ್ಕು ಜಾಗ ಎಂದು ರಾಜಿಯಾಯಿತು. ಚಿಕ್ಕಪ್ಪನಿಗೆ ಫೋನ್ ಮಾಡಿ, ಭಾನುವಾರ ಊಟಕ್ಕೆ ಆರು ಜನ ಬರುತ್ತೇವೆ ಎಂದು ತಿಳಿಸಿದ್ದೇನೆ. ಬರುವಾಗ ಒಂದು ಹೊಸ ಗೋಣಿಚೀಲ ತರಲು ಹೇಳಿದರು.